ಪ್ರಾಜೆಕ್ಟ್ ರಿಪೋರ್ಟಿನ ಇಂಟ್ರೊಡಕ್ಷನ್ ಬರೆಯುವುದು ಹೇಗೆ? 'ಭಾರತ ಕೃಷಿ ಪ್ರಧಾನ ದೇಶ' ಎಂಬ ಸಾಲು ಬಿಟ್ಟು ಶುರು ಮಾಡಿ

ಫೈನಲ್ ಇಯರ್ ಪ್ರಾಜೆಕ್ಟ್ ರಿಪೋರ್ಟ್‌ಗಳನ್ನು ಸಾಲಾಗಿ ಇಟ್ಟುಕೊಂಡು ಮೊದಲ ಅಧ್ಯಾಯ ಮಾತ್ರ ಓದುತ್ತಾ ಹೋಗಿ. ಮೆಕ್ಯಾನಿಕಲ್ ಇರಲಿ, ಸಿವಿಲ್ ಇರಲಿ, ಕಂಪ್ಯೂಟರ್ ಸೈನ್ಸ್ ಇರಲಿ, ಮೊದಲ ಸಾಲು ಹೆಚ್ಚುಕಮ್ಮಿ ಒಂದೇ. "ಭಾರತ ಕೃಷಿ ಪ್ರಧಾನ ದೇಶ." "ಇಂದಿನ ವೇಗದ ಯುಗದಲ್ಲಿ ತಂತ್ರಜ್ಞಾನ ಮಹತ್ವದ ಪಾತ್ರ ವಹಿಸುತ್ತದೆ." "ನೀರಿಲ್ಲದೆ ಬದುಕಿಲ್ಲ." ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಆ ಹುಡುಗರು ಏನು ಮಾಡಿದರು ಎಂಬುದು ಇದರಿಂದ ಒಂದಿಷ್ಟೂ ಗೊತ್ತಾಗುವುದಿಲ್ಲ.

ಇದಕ್ಕೆ ವಿದ್ಯಾರ್ಥಿಗಳನ್ನು ಬೈದು ಪ್ರಯೋಜನವಿಲ್ಲ. ಇಂಟ್ರೊಡಕ್ಷನ್ ಬರೆಯುವುದನ್ನು ಅವರಿಗೆ ಸಾಮಾನ್ಯವಾಗಿ ಯಾರೂ ಹೇಳಿಕೊಟ್ಟಿರುವುದಿಲ್ಲ. ವಿಟಿಯು, ಅಂದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಅಡಿಯ ಕಾಲೇಜುಗಳನ್ನೇ ತೆಗೆದುಕೊಳ್ಳಿ. ಫಾಂಟ್ ಯಾವುದು, ಮಾರ್ಜಿನ್ ಎಷ್ಟು, ಸರ್ಟಿಫಿಕೇಟ್ ಪುಟ ಹೇಗಿರಬೇಕು, ಎಷ್ಟು ಕಾಪಿ ಬೈಂಡ್ ಮಾಡಿಸಬೇಕು ಎಂಬುದಕ್ಕೆಲ್ಲ ಡಿಪಾರ್ಟ್‌ಮೆಂಟಿನಿಂದ ಫಾರ್ಮ್ಯಾಟ್ ಸಿಗುತ್ತದೆ. 'ಅಧ್ಯಾಯ 1: ಇಂಟ್ರೊಡಕ್ಷನ್' ಎಂದೂ ಅದರಲ್ಲಿ ಇರುತ್ತದೆ. ಒಳಗೆ ಏನಿರಬೇಕು ಅನ್ನುವುದು ಮಾತ್ರ ಸೀನಿಯರ್‌ಗಳ ಪೆನ್‌ಡ್ರೈವ್‌ನಿಂದ ಬರುತ್ತದೆ. ಅವರಿಗೆ ಅವರ ಸೀನಿಯರ್‌ಗಳಿಂದ ಬಂದಿರುತ್ತದೆ.

ನನ್ನ ಮಾತು ಇಷ್ಟೇ: ಇಂಟ್ರೊಡಕ್ಷನ್‌ಗೆ ಇರುವುದು ಒಂದೇ ಕೆಲಸ. ಈಗ ಇರುವ ವ್ಯವಸ್ಥೆಯಲ್ಲಿ ಎಲ್ಲಿ ಒಂದು ಕೊರತೆ ಇದೆ ಎಂದು ತೋರಿಸಬೇಕು, ನಿಮ್ಮ ಪ್ರಾಜೆಕ್ಟ್ ಅದೇ ಕೊರತೆಯ ಅಳತೆಗೆ ಹೊಂದುತ್ತದೆ ಎಂದು ಓದುವವರಿಗೆ ಅನ್ನಿಸಬೇಕು. ಅದಕ್ಕಿಂತ ಮೊದಲು ಬರುವ ಸಾಲುಗಳು ಆ ಕೊರತೆಯವರೆಗೆ ಕರೆದುಕೊಂಡು ಹೋಗಬೇಕು. ಹಾಗೆ ಕರೆದುಕೊಂಡು ಹೋಗದ ಸಾಲು ಎಷ್ಟೇ ಚೆನ್ನಾಗಿದ್ದರೂ ಕಸವೇ.

ಇದನ್ನು ಓದುವವರು ಯಾರು?

ಮೊದಲು ನಿಮ್ಮ ಗೈಡ್. ಅವರಿಗೆ ಪ್ರಾಜೆಕ್ಟ್ ಗೊತ್ತಿರುತ್ತದೆ, ಹಾಗಾಗಿ ಇಂಟ್ರೊಡಕ್ಷನ್ ಕೆಟ್ಟದಾಗಿದ್ದರೂ ಅವರಿಗೆ ಅರ್ಥವಾಗಿಬಿಡುತ್ತದೆ. ಇಲ್ಲೇ ಎಡವಟ್ಟು. ಎರಡನೆಯವರು ಎಕ್ಸ್‌ಟರ್ನಲ್ ಎಕ್ಸಾಮಿನರ್. ಬೇರೆ ಕಾಲೇಜಿನಿಂದ ಬಂದಿರುತ್ತಾರೆ, ನಿಮ್ಮ ರಿಪೋರ್ಟ್ ಅವರ ಕೈಗೆ ಸಿಗುವುದೇ ವೈವಾ ದಿನ. ಅದೇ ದಿನ ಇನ್ನೂ ಹಲವು ಬ್ಯಾಚ್‌ಗಳು ಕಾಯುತ್ತಿರುತ್ತವೆ. ನೀವು ಪಿಪಿಟಿ ಓಪನ್ ಮಾಡುವಷ್ಟರಲ್ಲಿ ಅವರು ಅಬ್‌ಸ್ಟ್ರಾಕ್ಟ್ ಓದಿ, ಇಂಟ್ರೊಡಕ್ಷನ್ ಮೇಲೆ ಕಣ್ಣಾಡಿಸಿ, ಸೀದಾ ರಿಸಲ್ಟ್‌ಗೆ ಹಾರುತ್ತಾರೆ.

ಅಂದರೆ ಅವರ ಮೊದಲ ಪ್ರಶ್ನೆಗಳು ಹುಟ್ಟುವುದೇ ಈ ಎರಡು ಮೂರು ಪುಟದಲ್ಲಿ. ಇಂಟ್ರೊಡಕ್ಷನ್‌ನಲ್ಲಿ ಒಂದು ಪುಟ ಐಒಟಿಯ (ಇಂಟರ್ನೆಟ್ ಆಫ್ ಥಿಂಗ್ಸ್, ಅಂದರೆ ವಸ್ತುಗಳನ್ನು ಇಂಟರ್ನೆಟ್ಟಿಗೆ ಜೋಡಿಸುವ ತಂತ್ರಜ್ಞಾನ) ಇತಿಹಾಸ ಬರೆದಿದ್ದರೆ ಪ್ರಶ್ನೆಯೂ ಐಒಟಿಯ ಇತಿಹಾಸದ ಮೇಲೆಯೇ ಬರುತ್ತದೆ. ನೀವು ಆರು ತಿಂಗಳು ಒದ್ದಾಡಿದ್ದು ಮಣ್ಣಿನ ತೇವದ ಸೆನ್ಸರ್ ತುಕ್ಕು ಹಿಡಿಯದ ಹಾಗೆ ನೋಡಿಕೊಳ್ಳಲು. ಅದರ ಬಗ್ಗೆ ಯಾರೂ ಕೇಳುವುದಿಲ್ಲ, ಯಾಕೆಂದರೆ ಅದು ಇರುವುದು 34ನೇ ಪುಟದಲ್ಲಿ. ನಿಮಗೆ ಚೆನ್ನಾಗಿ ಗೊತ್ತಿರುವ ಕಡೆಗೆ ಪ್ರಶ್ನೆ ಬರಬೇಕು ಎಂದರೆ ಅದನ್ನು ಮೊದಲ ಪುಟಕ್ಕೆ ತನ್ನಿ.

ಮೂರನೆಯ ಓದುಗರೂ ಇದ್ದಾರೆ. ದುಡ್ಡು ಕೊಡುವವರು. ಬೆಂಗಳೂರಿನ ಐಐಎಸ್‌ಸಿ ಆವರಣದಲ್ಲಿರುವ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ, ಅಂದರೆ ಕೆಎಸ್‌ಸಿಎಸ್‌ಟಿ, 1970ರ ದಶಕದಿಂದಲೂ ವಿದ್ಯಾರ್ಥಿ ಪ್ರಾಜೆಕ್ಟ್‌ಗಳಿಗೆ ಸಣ್ಣ ಮೊತ್ತದ ನೆರವು ಕೊಡುತ್ತಾ ಬಂದಿದೆ. ಅಂಥ ಕಡೆ ಕಳಿಸುವ ಪ್ರಸ್ತಾವನೆಯಲ್ಲಿ ಇಂಟ್ರೊಡಕ್ಷನ್ ಸಪ್ಪೆಯಾಗಿದ್ದರೆ ಮುಂದೆ ಓದಲು ಅವರಿಗೆ ಕಾರಣವೇ ಸಿಗುವುದಿಲ್ಲ.

ಇಲ್ಲೇ ಒಂದು ಗೊಂದಲ ಬಗೆಹರಿಸಿಕೊಳ್ಳೋಣ. ಅಬ್‌ಸ್ಟ್ರಾಕ್ಟ್ ಬೇರೆ, ಇಂಟ್ರೊಡಕ್ಷನ್ ಬೇರೆ. ಅಬ್‌ಸ್ಟ್ರಾಕ್ಟ್‌ನಲ್ಲಿ ಇಡೀ ಕಥೆ ಇರುತ್ತದೆ: ಸಮಸ್ಯೆ, ನೀವು ಮಾಡಿದ್ದು, ಸಿಕ್ಕ ಫಲಿತಾಂಶ, ಅಂಕಿ ಸಮೇತ. ಇಂಟ್ರೊಡಕ್ಷನ್ ಸಮಸ್ಯೆಯನ್ನು ಕಟ್ಟಿ, ಇದಕ್ಕೆ ನಾವು ಹೀಗೆ ಕೈ ಹಾಕಿದೆವು ಎಂಬಲ್ಲಿಗೆ ನಿಲ್ಲುತ್ತದೆ. ಲಿಟರೇಚರ್ ಸರ್ವೆ ಇನ್ನೊಂದು ಅಧ್ಯಾಯ. ಅಲ್ಲಿ ಹಿಂದಿನವರ ಕೆಲಸವನ್ನು ಒಂದೊಂದಾಗಿ ನೋಡುತ್ತೀರಿ. ಇಂಟ್ರೊಡಕ್ಷನ್‌ನಲ್ಲಿ ಅದರ ತಿರುಳು ಮಾತ್ರ, ನಾಲ್ಕೈದು ಸಾಲು.

ಮೂರು ಹೆಜ್ಜೆ

ಒಳ್ಳೆಯ ಇಂಟ್ರೊಡಕ್ಷನ್‌ಗಳು ಹೇಗೆ ಕೆಲಸ ಮಾಡುತ್ತವೆ ಎಂದು ಕೂತು ಲೆಕ್ಕ ಹಾಕಿದವರು ಜಾನ್ ಸ್ವೇಲ್ಸ್ ಎಂಬ ಭಾಷಾ ವಿದ್ವಾಂಸರು. 1980ರ ದಶಕದಲ್ಲಿ ಅವರು ಸಂಶೋಧನಾ ಲೇಖನಗಳ ಪೀಠಿಕೆಗಳನ್ನು ಬಿಡಿಸಿ ನೋಡಿದರು. 1990ರಲ್ಲಿ ಅದನ್ನು ಮೂರು ಹೆಜ್ಜೆಯ ಮಾದರಿಯಾಗಿ ಮುಂದಿಟ್ಟರು. ಅದಕ್ಕೆ 'ಕಾರ್ಸ್' (ಕ್ರಿಯೇಟ್ ಎ ರಿಸರ್ಚ್ ಸ್ಪೇಸ್, ಅಂದರೆ ಸಂಶೋಧನೆಗೆ ಜಾಗ ಮಾಡಿಕೊಳ್ಳುವುದು) ಮಾದರಿ ಎಂದು ಹೆಸರು. ಮೊದಲ ಹೆಜ್ಜೆಯಲ್ಲಿ ನೀವು ಯಾವ ಜಾಗದಲ್ಲಿ ನಿಂತು ಮಾತಾಡುತ್ತಿದ್ದೀರಿ ಎಂದು ಹೇಳುತ್ತೀರಿ. ಎರಡನೆಯದರಲ್ಲಿ ಆ ಜಾಗದಲ್ಲಿ ಯಾವುದು ಖಾಲಿ ಉಳಿದಿದೆ ಎಂದು ತೋರಿಸುತ್ತೀರಿ. ಮೂರನೆಯದರಲ್ಲಿ ಆ ಖಾಲಿ ಜಾಗಕ್ಕೆ ನೀವು ಏನು ತಂದಿದ್ದೀರಿ ಎಂದು ಹೇಳುತ್ತೀರಿ. ಸ್ವೇಲ್ಸ್ ನೋಡಿದ್ದು ಸಂಶೋಧನಾ ಲೇಖನಗಳನ್ನು, ಆದರೆ ಬಿಇ ಪ್ರಾಜೆಕ್ಟಿಗೂ ಇದು ಸಲೀಸಾಗಿ ಹೊಂದುತ್ತದೆ.

ಸುಮ್ನೆ ಸಿದ್ಧಾಂತ ಹೇಳಿದರೆ ತಲೆಗೆ ಹತ್ತುವುದಿಲ್ಲ. ನಮ್ಮ ಕಾಲೇಜುಗಳಲ್ಲಿ ಮತ್ತೆ ಮತ್ತೆ ಬರುವ ಒಂದು ಪ್ರಾಜೆಕ್ಟನ್ನೇ ತೆಗೆದುಕೊಳ್ಳೋಣ: ಅಡಿಕೆ ಮರ ಹತ್ತಿ ಔಷಧಿ ಸಿಂಪಡಿಸುವ ಯಂತ್ರ. ರಿಪೋರ್ಟ್ ಇಂಗ್ಲಿಷಿನಲ್ಲಿ ಇರುತ್ತದೆ, ಇಲ್ಲಿ ಅದರ ಹುರುಳನ್ನು ಕನ್ನಡದಲ್ಲಿ ಕೊಡುತ್ತೇನೆ. ಸಾಮಾನ್ಯವಾಗಿ ಸಿಗುವ ಇಂಟ್ರೊಡಕ್ಷನ್ ಹೀಗಿರುತ್ತದೆ:

"ಭಾರತ ಕೃಷಿ ಪ್ರಧಾನ ದೇಶ. ಅಡಿಕೆ ಒಂದು ಮುಖ್ಯ ವಾಣಿಜ್ಯ ಬೆಳೆ. ಅಡಿಕೆ ಬೆಳೆಯುವುದರಲ್ಲಿ ಕರ್ನಾಟಕ ಮೊದಲ ಸ್ಥಾನದಲ್ಲಿದೆ. ಅಡಿಕೆಗೆ ಹಲವು ರೋಗಗಳು ಬರುತ್ತವೆ. ಔಷಧಿ ಸಿಂಪಡಿಸುವುದು ಕಷ್ಟದ ಕೆಲಸ. ಈಗಿರುವ ಯಂತ್ರಗಳು ದುಬಾರಿ ಮತ್ತು ಅಷ್ಟು ಪರಿಣಾಮಕಾರಿಯಾಗಿಲ್ಲ. ಆದ್ದರಿಂದ ನಾವು ಕಡಿಮೆ ಖರ್ಚಿನ, ಹಗುರವಾದ, ಬಳಸಲು ಸುಲಭವಾದ ಯಂತ್ರವನ್ನು ತಯಾರಿಸಿದ್ದೇವೆ."

ಓದಲು ಸಲೀಸು. ಆದರೆ ಪ್ರತಿ ಸಾಲನ್ನೂ ತಡೆದು ನಿಲ್ಲಿಸಿ ಕೇಳಿ. ಯಾವ ರೋಗ? ಯಾವ ಔಷಧಿ? ಕಷ್ಟ ಅಂದರೆ ಏನು ಕಷ್ಟ: ಎತ್ತರವೇ, ಜಾರುವುದೇ, ಆಳು ಸಿಗದಿರುವುದೇ? ಈಗಿರುವ ಯಂತ್ರ ಯಾವುದು, ಅದರ ಬೆಲೆ ಎಷ್ಟು, ಯಾವ ಕೆಲಸದಲ್ಲಿ ಅದು ಸೋತಿತು? ಒಂದಕ್ಕೂ ಉತ್ತರ ಇಲ್ಲ. ಇದನ್ನು ಬರೆದ ಹುಡುಗರಲ್ಲಿ ಯಾರಾದರೂ ಒಬ್ಬರ ಮನೆಯಲ್ಲಿ ತೋಟ ಇದ್ದೇ ಇರುತ್ತದೆ, ಉತ್ತರಗಳೂ ಅವರಿಗೆ ಗೊತ್ತಿರುತ್ತವೆ. ರಿಪೋರ್ಟ್ ಅಂದ ತಕ್ಷಣ ಗೊತ್ತಿರುವುದನ್ನೆಲ್ಲ ಬದಿಗಿಟ್ಟು ದೊಡ್ಡ ಮಾತು ಆಡಬೇಕು ಅಂದುಕೊಂಡುಬಿಡುತ್ತಾರೆ. ಈಗ ಇದನ್ನೇ ಹೀಗೆ ಬರೆದರೆ?

"ಮಲೆನಾಡು ಮತ್ತು ಕರಾವಳಿಯ ಅಡಿಕೆ ತೋಟಗಳಲ್ಲಿ ಮಳೆಗಾಲದ ಕೊಳೆರೋಗ ತಡೆಯಲು ಶೇ 1ರ ಬೋರ್ಡೋ ದ್ರಾವಣವನ್ನು ಗೊನೆಗಳಿಗೆ ಸಿಂಪಡಿಸುತ್ತಾರೆ. ಮಳೆ ಹಿಡಿಯುವ ಮೊದಲು ಒಂದು ಸಲ, ಆಮೇಲೆ 40ರಿಂದ 45 ದಿನಕ್ಕೆ ಇನ್ನೊಂದು ಸಲ [1]. ಎರಡನೇ ಸಿಂಪಡಣೆ ಬರುವುದು ಮಳೆಗಾಲದ ನಡುವೆ. ಆಗ ಕಾಂಡ ಪಾಚಿಗಟ್ಟಿ ಜಾರುತ್ತದೆ, ಮರ ಹತ್ತುವ ನುರಿತ ಕೆಲಸಗಾರರು ಬೇಕಾದ ಸಮಯಕ್ಕೆ ಸಿಗುವುದಿಲ್ಲ.

ಹತ್ತುವ ಶ್ರಮ ತಪ್ಪಿಸಲು ಈಗ ಎರಡು ದಾರಿಗಳಿವೆ. ಆಳನ್ನು ಕೂರಿಸಿಕೊಂಡು ಮೇಲೇರುವ ಯಂತ್ರದಲ್ಲಿ ಶ್ರಮ ಕಡಿಮೆ, ಆದರೆ ಆಳು ಮೇಲೆ ಹೋಗಲೇಬೇಕು [2]. ಕಾರ್ಬನ್ ಫೈಬರ್ ದೋಟಿಯಲ್ಲಿ ಆಳು ನೆಲದ ಮೇಲೇ ನಿಲ್ಲುತ್ತಾನೆ, ಆದರೆ ಉದ್ದದ ದೋಟಿಯನ್ನು ನೆಟ್ಟಗೆ ಹಿಡಿದು ಗೊನೆಗೆ ಗುರಿಯಿಡುವುದು ತೋಳಿಗೂ ಕುತ್ತಿಗೆಗೂ ಭಾರ. ಆಳಿಲ್ಲದೆ ತಾನೇ ಹತ್ತುವ ಯಂತ್ರಗಳನ್ನು ಹಿಂದೆ ಮಾಡಿದ್ದಾರೆ [3], [4]. ಆದರೆ ಅವುಗಳ ಪರೀಕ್ಷೆ ನಡೆದಿರುವುದು ಒಣ ಕಾಂಡದ ಮೇಲೆ. ಒದ್ದೆ ಕಾಂಡದ ಮೇಲೆ ಹಿಡಿತ ಎಷ್ಟು ಉಳಿಯುತ್ತದೆ ಎಂಬ ಅಳತೆ ಅವುಗಳಲ್ಲಿ ಇಲ್ಲ.

ಈ ಪ್ರಾಜೆಕ್ಟಿನಲ್ಲಿ ಸ್ಪ್ರಿಂಗ್ ಒತ್ತಡದಿಂದ ಕಾಂಡವನ್ನು ಹಿಡಿಯುವ ಮೂರು ರಬ್ಬರ್ ಚಕ್ರಗಳ ಘಟಕವನ್ನು ರೂಪಿಸಿ, ಒಣ ಮತ್ತು ಒದ್ದೆ ಕಾಂಡಗಳ ಮೇಲೆ ಚಕ್ರ ಜಾರುವ ಪ್ರಮಾಣವನ್ನು ಅಳೆದು ಹೋಲಿಸಲಾಗಿದೆ. ದ್ರಾವಣವನ್ನು ನೆಲದ ಪಂಪಿನಿಂದ ಹೋಸ್ ಮೂಲಕ ಮೇಲಕ್ಕೆ ಕೊಡಲಾಗುತ್ತದೆ. ಪರೀಕ್ಷೆಯನ್ನು 10 ಮೀಟರ್ ಎತ್ತರದವರೆಗೆ, ನೆಟ್ಟಗಿರುವ ಮರಗಳ ಮೇಲೆ ಮಾತ್ರ ಮಾಡಲಾಗಿದೆ."

ಚಕ್ರ, ಸ್ಪ್ರಿಂಗ್, 10 ಮೀಟರ್, ಚೌಕ ಆವರಣದ ಸಂಖ್ಯೆಗಳು ಇವೆಲ್ಲ ಉದಾಹರಣೆಗೆ ನಾನೇ ಹಾಕಿದ್ದು. ಕೊಳೆರೋಗ, ಬೋರ್ಡೋ, ದೋಟಿ ನಿಜದವು. ಆಳನ್ನು ಕೂರಿಸಿಕೊಂಡು ಮೇಲೇರುವ ಯಂತ್ರವೂ ನಿಜದ್ದೇ. ಬಂಟ್ವಾಳದ ಕೃಷಿಕ ಗಣಪತಿ ಭಟ್ಟರು ಮಾಡಿದ ಮರ ಹತ್ತುವ ಬೈಕ್ 2019ರಲ್ಲಿ ದೇಶದ ತುಂಬಾ ಸುದ್ದಿಯಾಗಿತ್ತು, ನೆನಪಿದೆ ಅಲ್ವಾ? ಅಡಿಕೆ ಯಂತ್ರದ ಮೇಲೆ ಪ್ರಾಜೆಕ್ಟ್ ಮಾಡಿ ಅದರ ಹೆಸರೇ ಎತ್ತದಿದ್ದರೆ ಎಕ್ಸಾಮಿನರ್ ಮೊದಲು ಕೇಳುವುದೇ ಅದನ್ನು.

ಈಗ ಎರಡನ್ನೂ ಹೋಲಿಸಿ ನೋಡಿ. ಎರಡನೆಯದರಲ್ಲಿ ದೇಶ, ರಾಜ್ಯ, ಕೃಷಿಯ ಮಹತ್ವ ಯಾವುದೂ ಇಲ್ಲ. ಶುರುವಾಗುವುದೇ ತೋಟದಲ್ಲಿ, ಮಳೆಗಾಲದಲ್ಲಿ. ಸ್ವೇಲ್ಸ್ ಹೇಳಿದ ಮೊದಲ ಹೆಜ್ಜೆ ಅದು. ಜಾಗ ತೋರಿಸುವುದು ಅಂದರೆ ಭೂಪಟದಿಂದ ಶುರು ಮಾಡಬೇಕು ಎಂದೇನಿಲ್ಲ. ನಿಮ್ಮ ಕೆಲಸಕ್ಕೆ ತೀರಾ ಹತ್ತಿರದ ಜಾಗದಿಂದಲೇ ಶುರು ಮಾಡಬಹುದು. ಎರಡನೇ ಪ್ಯಾರಾದಲ್ಲಿ ಹಿಂದಿನವರನ್ನು ತೆಗಳಿಲ್ಲ. ದೋಟಿಯಿಂದ ಏನು ಒಳ್ಳೆಯದಾಯಿತು ಎಂದು ಒಪ್ಪಿಕೊಂಡು, ಎಲ್ಲಿ ಉಳಿದುಹೋಯಿತು ಎಂದು ಹೇಳಿದೆ. ಕೊನೆಗೆ ಬಂದದ್ದು ಒಂದೇ ಒಂದು ಕೊರತೆ: ಒದ್ದೆ ಕಾಂಡದ ಮೇಲಿನ ಹಿಡಿತ. ಮೂರನೇ ಪ್ಯಾರಾ ಅದನ್ನೇ ಹಿಡಿದುಕೊಂಡಿದೆ. 'ಒದ್ದೆ' ಎಂಬ ಮಾತು ಮೂರು ಪ್ಯಾರಾಗಳನ್ನೂ ಕಟ್ಟುತ್ತದೆ. ಮೊದಲನೆಯದರಲ್ಲಿ ಪಾಚಿ, ಎರಡನೆಯದರಲ್ಲಿ ಆಗದ ಅಳತೆ, ಮೂರನೆಯದರಲ್ಲಿ ನೀವು ಮಾಡಿದ ಅಳತೆ.

ಇತಿಹಾಸದ ಬಲೆಗೂ ಇಲ್ಲೇ ಬೀಳುತ್ತಾರೆ. ಬೋರ್ಡೋ ದ್ರಾವಣ 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟಗಳಲ್ಲಿ ಬಂದದ್ದು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, 100 ಲೀಟರ್ ನೀರು. ಕಥೆ ಚೆನ್ನಾಗಿದೆ, ಒಂದು ಪುಟ ಬರೆಯಬಹುದು. ಆದರೆ ನಿಮ್ಮ ಪ್ರಾಜೆಕ್ಟ್ ಇರುವುದು ಚಕ್ರದ ಹಿಡಿತದ ಬಗ್ಗೆ. ಊಟಕ್ಕೆ ಕರೆದು ಭತ್ತ ನಾಟಿ ಮಾಡಿದ ಕಥೆ ಹೇಳುತ್ತಾ ಕೂತ ಹಾಗಾಗುತ್ತದೆ. ನಾಜಲ್ ಕಟ್ಟಿಕೊಳ್ಳುವುದು ನಿಮ್ಮ ಸಮಸ್ಯೆಯಾಗಿದ್ದರೆ ಮಾತ್ರ ಸುಣ್ಣದ ಕಣದ ಗಾತ್ರಕ್ಕೆ ಇಂಟ್ರೊಡಕ್ಷನ್‌ನಲ್ಲಿ ಜಾಗ ಉಂಟು.

ಕೊರತೆಯ ಸಾಲು

ಬಹಳ ರಿಪೋರ್ಟ್‌ಗಳು ಸೋಲುವುದು ಎರಡನೇ ಹೆಜ್ಜೆಯಲ್ಲಿ. "ಈಗಿರುವ ವ್ಯವಸ್ಥೆಗಳು ದುಬಾರಿ ಮತ್ತು ಪರಿಣಾಮಕಾರಿಯಲ್ಲ" ಎಂಬ ಸಾಲು ಎಲ್ಲಿಗೆ ಬೇಕಾದರೂ ಅಂಟುತ್ತದೆ. ಹಾಗೆ ಅಂಟುವುದೇ ಅದರ ದೋಷ. ಕೊರತೆ ನಿಮ್ಮ ಪ್ರಾಜೆಕ್ಟಿಗೆ ಮಾತ್ರ ಹೊಂದಬೇಕು.

ಸಿವಿಲ್ ಅಥವಾ ಕೆಮಿಕಲ್ ಕಡೆಯ ಒಂದು ವಿಷಯ ನೋಡೋಣ: ಕೊಳವೆಬಾವಿ ನೀರಿನ ಫ್ಲೋರೈಡ್. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯವರಿಗೆ ಇದನ್ನು ವಿವರಿಸಬೇಕಿಲ್ಲ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500ರ ಪ್ರಕಾರ ಫ್ಲೋರೈಡ್ ಲೀಟರಿಗೆ 1.0 ಮಿಲಿಗ್ರಾಂ ಒಳಗಿರಬೇಕು. ಬೇರೆ ನೀರು ಸಿಗದೇ ಇದ್ದರೆ 1.5ರವರೆಗೆ ನಡೆಯುತ್ತದೆ. ಇಲ್ಲಿವರೆಗೆ ಎಲ್ಲ ರಿಪೋರ್ಟ್‌ಗಳೂ ಒಂದೇ. ಮುಂದಿನ ಸಾಲಿನಲ್ಲಿ "ಫ್ಲೋರೈಡ್ ತೆಗೆಯುವ ವಿಧಾನಗಳು ದುಬಾರಿ" ಎಂದು ಬಂತೋ, ಮುಗಿಯಿತು.

ನಿಜವಾಗಿ ಪ್ರತಿ ವಿಧಾನಕ್ಕೂ ಅದರದೇ ಆದ ಕೊರತೆ ಇದೆ. ನಾಗಪುರದ 'ನೀರಿ' (ರಾಷ್ಟ್ರೀಯ ಪರಿಸರ ಎಂಜಿನಿಯರಿಂಗ್ ಸಂಶೋಧನಾ ಸಂಸ್ಥೆ) ರೂಪಿಸಿದ ನಲ್ಗೊಂಡ ವಿಧಾನದಲ್ಲಿ ಪಟಿಕ ಮತ್ತು ಸುಣ್ಣ ಹಾಕಿ ಕದಡಿ, ತಳಕ್ಕೆ ಕೂರಿಸಿ, ಮೇಲಿನ ನೀರು ತೆಗೆಯುತ್ತಾರೆ. ಬೇಕಾದ ಸಾಮಾನು ಅಗ್ಗ, ಆದರೆ ಕೆಸರು ಉಳಿಯುತ್ತದೆ, ಪಟಿಕದ ಪ್ರಮಾಣ ತಪ್ಪಿದರೆ ನೀರಿನಲ್ಲಿ ಅಲ್ಯುಮಿನಿಯಂ ಉಳಿಯುವ ಭಯ. ಆ್ಯಕ್ಟಿವೇಟೆಡ್ ಅಲ್ಯುಮಿನಾ (ಫಿಲ್ಟರಿನಲ್ಲಿ ತುಂಬುವ ಅಲ್ಯುಮಿನಿಯಂ ಆಕ್ಸೈಡ್ ಕಾಳು) ಫ್ಲೋರೈಡನ್ನು ಚೆನ್ನಾಗಿ ಹೀರುತ್ತದೆ, ಆದರೆ ತುಂಬಿಕೊಂಡ ಮೇಲೆ ಅದನ್ನು ಮತ್ತೆ ಚುರುಕು ಮಾಡುವ ಕೆಲಸವನ್ನು ಹಳ್ಳಿಯಲ್ಲಿ ಯಾರು ಮಾಡಬೇಕು? ಆರ್‌ಒ ಘಟಕ ನೀರನ್ನು ಶುದ್ಧ ಮಾಡುತ್ತದೆ, ಆದರೆ ಫ್ಲೋರೈಡ್ ಇನ್ನೂ ದಟ್ಟವಾಗಿರುವ ಉಳಿಕೆ ನೀರನ್ನು ಹೊರಗೆ ಬಿಡುತ್ತದೆ.

ನಿಮ್ಮ ಪ್ರಾಜೆಕ್ಟ್ ಆರ್‌ಒ ಉಳಿಕೆ ನೀರಿನ ಬಗ್ಗೆ ಇದ್ದರೆ ನಲ್ಗೊಂಡದ ಕೆಸರಿನ ಕಥೆ ಅರ್ಧ ಸಾಲು ಸಾಕು, ಉಳಿಕೆ ನೀರಿಗೆ ಒಂದು ಪ್ಯಾರಾ ಕೊಡಿ. ನಿಮ್ಮದು ಗೋಡಂಬಿ ಸಿಪ್ಪೆಯ ಇದ್ದಿಲಿನ ಫಿಲ್ಟರ್ ಆಗಿದ್ದರೆ ಅಲ್ಯುಮಿನಾಕ್ಕೆ ಜಾಸ್ತಿ ಜಾಗ ಕೊಡಿ, ಯಾಕೆಂದರೆ ನೀವು ಪೈಪೋಟಿಗೆ ನಿಂತಿರುವುದು ಅದರ ಜೊತೆ. ಹಿನ್ನೆಲೆ ಒಂದೇ ಆದರೂ ಎರಡು ಪ್ರಾಜೆಕ್ಟಿನ ಇಂಟ್ರೊಡಕ್ಷನ್ ಬೇರೆ ಬೇರೆ ಆಗಲೇಬೇಕು.

ಕೊರತೆ ದೊಡ್ಡದಾಗಿರಬೇಕು ಎಂದೇನೂ ಇಲ್ಲ. ಬಿಇ ಪ್ರಾಜೆಕ್ಟಿನಲ್ಲಿ ಜಗತ್ತಿನಲ್ಲಿ ಯಾರೂ ಮಾಡದ್ದನ್ನು ಮಾಡಬೇಕೆಂದು ಯಾರೂ ಕೇಳುವುದಿಲ್ಲ. ಬೇರೆ ಕಡೆ ಆಗಿದೆ, ನಮ್ಮ ಮಣ್ಣಿಗೆ ನೋಡಿಲ್ಲ. ಮಾಡಿದ್ದಾರೆ, ಅಳೆದಿಲ್ಲ. ಅಳೆದಿದ್ದಾರೆ, ಲ್ಯಾಬ್‌ನಲ್ಲಿ ಮಾತ್ರ. ಹೀಗೆ ಸಣ್ಣದಾದರೂ ಸಾಕು. ಸಣ್ಣ ಕೊರತೆಯನ್ನು ಸರಿಯಾಗಿ ಹೇಳಿದ ರಿಪೋರ್ಟ್ ನನಗಂತೂ ದೊಡ್ಡ ಮಾತಿನ ರಿಪೋರ್ಟಿಗಿಂತ ಹೆಚ್ಚು ನಂಬಿಕೆ ಹುಟ್ಟಿಸುತ್ತದೆ. "ನಮಗೆ ತಿಳಿದ ಮಟ್ಟಿಗೆ ಇದೇ ಮೊದಲು" ಎಂದು ಬರೆಯುವ ಮುನ್ನ ಒಂದು ಸಂಜೆ ಗೂಗಲ್ ಸ್ಕಾಲರ್‌ನಲ್ಲಿ ಹುಡುಕಿ. ಎಕ್ಸಾಮಿನರ್ ಕೈಯಲ್ಲೂ ಫೋನ್ ಇರುತ್ತದೆ.

ಸಾಫ್ಟ್‌ವೇರ್ ಪ್ರಾಜೆಕ್ಟಿನವರು "ನಮಗೆ ಇದೆಲ್ಲ ಅನ್ವಯಿಸಲ್ಲ" ಅಂತಾರೆ. ಅನ್ವಯಿಸುತ್ತದೆ. ಮುಖ ಗುರುತಿಸಿ ಹಾಜರಿ ಹಾಕುವ ಪ್ರಾಜೆಕ್ಟ್ ಇಲ್ಲದ ಬ್ಯಾಚ್ ಸಿಗುವುದೇ ಕಷ್ಟ. ಅದರ ಇಂಟ್ರೊಡಕ್ಷನ್ ಆರ್ಟಿಫಿಷಿಯಲ್ ಇಂಟೆಲಿಜೆನ್ಸ್‌ನ ಹುಟ್ಟಿನಿಂದ ಶುರುವಾಗುತ್ತದೆ. ಹಿಂದಿನ ಬೆಂಚಿನವರ ಮುಖ ಕ್ಯಾಮೆರಾದಲ್ಲಿ ಪುಟ್ಟದಾಗಿ ಬರುತ್ತದೆ, ಕಿಟಕಿ ಪಕ್ಕದವರ ಮುಖ ಬೆಳಕಿಗೆ ಬೆಳ್ಳಗಾಗುತ್ತದೆ ಎಂಬಲ್ಲಿಂದ ಶುರು ಮಾಡಿದರೆ ಕೊರತೆ ತಾನಾಗಿಯೇ ಬಂತು. ಮುಖದ ಫೋಟೊ ಸಂಗ್ರಹಿಸುವಾಗ ಒಪ್ಪಿಗೆ ಪಡೆದಿರಾ ಎಂಬುದನ್ನೂ ಒಂದು ಸಾಲು ಹೇಳಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ಮೇಲೆ ಈ ಪ್ರಶ್ನೆ ಬಂದರೆ ಆಶ್ಚರ್ಯವಿಲ್ಲ.

ಆಬ್ಜೆಕ್ಟಿವ್, ಮತ್ತು ಎಲ್ಲಿ ನಿಲ್ಲಿಸಿದಿರಿ ಎಂಬುದು

ಆಬ್ಜೆಕ್ಟಿವ್‌ಗಳ ಪಟ್ಟಿ ಇಂಟ್ರೊಡಕ್ಷನ್‌ನ ಕೊನೆಯಲ್ಲಿ ಬರುತ್ತದೆ. "ಫ್ಲೋರೈಡ್ ಬಗ್ಗೆ ಅಧ್ಯಯನ ಮಾಡುವುದು", "ಸಮಾಜಕ್ಕೆ ಉಪಯೋಗವಾಗುವಂತೆ ಮಾಡುವುದು" ಇಂಥವು ಮುಗಿದವೋ ಇಲ್ಲವೋ ಎಂದು ಯಾರೂ ಹೇಳಲಾರರು. "ಲೀಟರಿಗೆ 3 ಮಿಲಿಗ್ರಾಂ ಫ್ಲೋರೈಡ್ ಇರುವ ನೀರನ್ನು 1.0ಕ್ಕೆ ಇಳಿಸಲು ಎಷ್ಟು ಗ್ರಾಂ ಇದ್ದಿಲು ಬೇಕು ಎಂದು ಕಂಡುಹಿಡಿಯುವುದು" ಎಂದರೆ ಮುಗಿದದ್ದು ಗೊತ್ತಾಗುತ್ತದೆ. ಅಳೆಯುವುದು, ಹೋಲಿಸುವುದು, ರೂಪಿಸುವುದು, ಪರೀಕ್ಷಿಸುವುದು ಇಂಥ ಕ್ರಿಯಾಪದಗಳು ಬರಲಿ. ಮೂರು ನಾಲ್ಕು ಸಾಕು.

ಬರೆದ ಮೇಲೆ ಒಂದು ಕೆಲಸ ಮಾಡಿ. ಆಬ್ಜೆಕ್ಟಿವ್ ಪುಟವನ್ನೂ ಕನ್‌ಕ್ಲೂಷನ್ ಪುಟವನ್ನೂ ಪ್ರಿಂಟ್ ತೆಗೆದು ಪಕ್ಕ ಪಕ್ಕ ಇಡಿ. ಪ್ರತಿ ಆಬ್ಜೆಕ್ಟಿವ್‌ಗೂ ಆ ಕಡೆ ಒಂದು ಉತ್ತರ ಸಿಗಬೇಕು. ಸಿಗದಿದ್ದರೆ ಆಬ್ಜೆಕ್ಟಿವ್ ತೆಗೆಯಿರಿ, ಇಲ್ಲವೇ ಅದನ್ನು ಯಾಕೆ ಮಾಡಲಾಗಲಿಲ್ಲ ಎಂದು ಬರೆಯಿರಿ. ಪ್ರಾಜೆಕ್ಟ್ ನಡುವೆ ದಿಕ್ಕು ಬದಲಾಗುವುದು ಸಹಜ. ಸಿನಾಪ್ಸಿಸ್ (ಶುರುವಿನಲ್ಲಿ ಕೊಡುವ ಪ್ರಾಜೆಕ್ಟಿನ ಸಾರಾಂಶ) ಕೊಟ್ಟಾಗ ಸೋಲಾರ್ ಪ್ಯಾನೆಲ್ ಇತ್ತು, ಕೊನೆಗೆ ಬ್ಯಾಟರಿ ಮಾತ್ರ ಉಳಿಯಿತು. ಇಂಟ್ರೊಡಕ್ಷನ್‌ನಲ್ಲಿ ಮಾತ್ರ ಸೋಲಾರ್ ಹಾಗೇ ಹೊಳೆಯುತ್ತಿರುತ್ತದೆ!

ಇದಕ್ಕೆ ಸೇರಿದ್ದೇ ಕಾಲದ ಎಡವಟ್ಟು. ಸಿನಾಪ್ಸಿಸ್ ಬರೆಯುವಾಗ ಎಲ್ಲವೂ ಮುಂದೆ ಆಗಬೇಕಾದದ್ದು: ರೂಪಿಸಲಾಗುವುದು, ಪರೀಕ್ಷಿಸಲಾಗುವುದು. ಅದನ್ನೇ ಕಾಪಿ ಮಾಡಿ ಫೈನಲ್ ರಿಪೋರ್ಟಿಗೆ ಹಾಕುತ್ತಾರೆ. ಯಂತ್ರ ಮೇಜಿನ ಮೇಲೆ ಕೂತಿರುತ್ತದೆ, ರಿಪೋರ್ಟ್ ಇನ್ನೂ "ತಯಾರಿಸಲಾಗುವುದು" ಅನ್ನುತ್ತಿರುತ್ತದೆ. ಇಂಗ್ಲಿಷ್ ಫೈಲಿನಲ್ಲಿ 'ವಿಲ್ ಬಿ' ಎಂದು ಸರ್ಚ್ ಕೊಟ್ಟರೆ ಐದು ನಿಮಿಷದಲ್ಲಿ ಎಲ್ಲ ಸಿಕ್ಕಿಬೀಳುತ್ತವೆ.

ಸ್ಕೋಪ್, ಅಂದರೆ ಕೆಲಸದ ವ್ಯಾಪ್ತಿ ಎಲ್ಲಿಯವರೆಗೆ ಎಂಬುದನ್ನು ಬರೆಯಲು ವಿದ್ಯಾರ್ಥಿಗಳಿಗೆ ಅಂಜಿಕೆ. ಮಿತಿ ಹೇಳಿಕೊಂಡರೆ ಮಾರ್ಕ್ಸ್ ಹೋಗುತ್ತದೆ ಎಂಬ ಭಯ. ಆಗುವುದು ಉಲ್ಟಾ. "ನೆಟ್ಟಗಿರುವ ಮರಗಳ ಮೇಲೆ ಮಾತ್ರ ಪರೀಕ್ಷಿಸಲಾಗಿದೆ" ಎಂದು ಮೊದಲೇ ಬರೆದಿದ್ದರೆ, ಬಾಗಿದ ಮರದ ಪ್ರಶ್ನೆ ಬಂದಾಗ ನೀವು ಪುಟ ತೋರಿಸಿ ಮುಂದೆ ಮಾತಾಡಬಹುದು. ಬರೆಯದಿದ್ದರೆ ಅದೇ ಪ್ರಶ್ನೆಗೆ ತಂಡದ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡುತ್ತೀರಿ.

ಅಂಕಿ, ಆಧಾರ, ಕಾಪಿ

ಇಂಟ್ರೊಡಕ್ಷನ್‌ನಲ್ಲಿ ಬರುವ ಪ್ರತಿ ಅಂಕಿಯ ಪಕ್ಕ ಆಧಾರದ ಸಂಖ್ಯೆ ಇರಬೇಕು. ಎಂಜಿನಿಯರಿಂಗ್‌ನಲ್ಲಿ ಹೆಚ್ಚಾಗಿ ಐಇಇಇ ಪದ್ಧತಿ: ಚೌಕ ಆವರಣದೊಳಗೆ ಸಂಖ್ಯೆ, ರಿಪೋರ್ಟಿನಲ್ಲಿ ಬಂದ ಕ್ರಮದಲ್ಲಿ. "ಒಂದು ಸಮೀಕ್ಷೆಯ ಪ್ರಕಾರ" ಎಂದು ಬರೆದು ಸಮೀಕ್ಷೆ ಯಾವುದು ಎಂದು ಹೇಳದಿರುವುದಕ್ಕಿಂತ ಆ ಸಾಲೇ ಇಲ್ಲದಿರುವುದು ವಾಸಿ. ಮಾನದಂಡ ಇದ್ದರೆ ಮಾನದಂಡವನ್ನೇ ಹೆಸರಿಸಿ, ಅದನ್ನು ಹೇಳಿದ ಬ್ಲಾಗನ್ನಲ್ಲ.

ಕಾಪಿ ಪರೀಕ್ಷಿಸುವ ಸಾಫ್ಟ್‌ವೇರಿಗೆ ಮೊದಲು ಸಿಕ್ಕಿಬೀಳುವುದೂ ಇದೇ ಅಧ್ಯಾಯ, ಯಾಕೆಂದರೆ ವ್ಯಾಖ್ಯಾನಗಳೆಲ್ಲ ಇರುವುದು ಇಲ್ಲೇ. "ಐಒಟಿ ಎಂದರೆ..." ಎಂದು ಶುರುವಾಗುವ ಪ್ಯಾರಾ ಸಾವಿರಾರು ಫೈಲ್‌ಗಳಲ್ಲಿ ಒಂದೇ ಥರ ಇದೆ. ಕೃತಿಚೌರ್ಯ ತಡೆಯಲು ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ಮಾಡಿದ 2018ರ ನಿಯಮಗಳಲ್ಲಿ ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. ಕಾಲೇಜುಗಳು ತಮ್ಮದೇ ಮಿತಿ ಇಟ್ಟುಕೊಳ್ಳುವುದೂ ಉಂಟು. ಆದರೆ ಮಿತಿಯ ವಿಷಯ ಬಿಡಿ. ಎಂಜಿನಿಯರಿಂಗ್ ಓದಿದವರಿಗೆ ಐಒಟಿ ಏನೆಂದು ಹೇಳುವ ಅಗತ್ಯವೇ ಇಲ್ಲ, ಆ ಪ್ಯಾರಾ ಹೋದರೆ ಹೋಲಿಕೆಯ ಸಮಸ್ಯೆಯೂ ಅದರ ಜೊತೆ ಹೋಗುತ್ತದೆ.

ಚಾಟ್‌ಜಿಪಿಟಿಗೆ ಹೇಳಿ ಬರೆಸಿದ ಇಂಟ್ರೊಡಕ್ಷನ್‌ಗಳು ಈಗ ಜಾಸ್ತಿ ಬರುತ್ತಿವೆ. ವ್ಯಾಕರಣ ಸರಿ, ಓಟ ಸರಿ, ಹಿಡಿದುಕೊಳ್ಳಲು ಏನೂ ಇಲ್ಲ. ಅದಕ್ಕೆ ನಿಮ್ಮ ತೋಟ ಗೊತ್ತಿಲ್ಲ, ನಿಮ್ಮ ಯಂತ್ರ ಎಲ್ಲಿ ಜಾರಿತು ಎಂದೂ ಗೊತ್ತಿಲ್ಲ. ಯಾರು ಬರೆದದ್ದಾದರೂ ಸರಿ, ಒಂದು ಪರೀಕ್ಷೆ ಇದೆ. ಪ್ಯಾರಾದಲ್ಲಿ ನಿಮ್ಮ ಪ್ರಾಜೆಕ್ಟಿನ ಹೆಸರು ತೆಗೆದು ಪಕ್ಕದ ಬ್ಯಾಚಿನ ಪ್ರಾಜೆಕ್ಟಿನ ಹೆಸರು ಹಾಕಿ. ಆಗಲೂ ಪ್ಯಾರಾ ಸರಿಯಾಗಿ ಕೂತರೆ, ಅದನ್ನು ಡಿಲೀಟ್ ಮಾಡಿ. ಮೊದಲ ಸಲ ಹೀಗೆ ಮಾಡಿದರೆ ನಾಲ್ಕು ಪುಟ ಒಂದೂವರೆಗೆ ಇಳಿಯಬಹುದು. ಇಳಿಯಲಿ ಬಿಡಿ. ಪುಟ ಕಮ್ಮಿ ಆಯಿತು ಎಂದು ಯಾರೂ ಫೇಲ್ ಮಾಡುವುದಿಲ್ಲ.

ಯಾವಾಗ ಬರೆಯಬೇಕು?

ಎರಡು ಸಲ. ಶುರುವಿನಲ್ಲಿ ಒಂದು ಕಚ್ಚಾ ಪುಟ ಬರೆದುಕೊಳ್ಳಿ, ನೀವು ಏನು ಮಾಡಲು ಹೊರಟಿದ್ದೀರಿ ಎಂಬುದು ತಂಡದ ಎಲ್ಲರಿಗೂ ಒಂದೇ ಥರ ಅರ್ಥವಾಗಿದೆಯೇ ಎಂದು ಅದರಿಂದ ಗೊತ್ತಾಗುತ್ತದೆ. ರಿಸಲ್ಟ್ ಮತ್ತು ಕನ್‌ಕ್ಲೂಷನ್ ಮುಗಿದ ಮೇಲೆ ಅದನ್ನು ಬದಿಗಿಟ್ಟು ಹೊಸದಾಗಿ ಬರೆಯಿರಿ. ಆಗ ಮಾತ್ರ ನಿಮಗೆ ನಿಜವಾದ ಕೊರತೆ ಯಾವುದೆಂದು ಗೊತ್ತಿರುತ್ತದೆ. ಅಡಿಕೆ ಯಂತ್ರದವರು ಶುರುವಿನಲ್ಲಿ ತೂಕವೇ ಸಮಸ್ಯೆ ಅಂದುಕೊಂಡಿರಬಹುದು. ಜೂನ್‌ನಲ್ಲಿ ತೋಟಕ್ಕೆ ಹೋದ ಮೇಲೆ ಪಾಚಿ ಎದುರಾಗಿರುತ್ತದೆ. ಇಂಟ್ರೊಡಕ್ಷನ್ ಪಾಚಿಯ ಬಗ್ಗೆ ಇರಬೇಕು.

ಇಂಗ್ಲಿಷಿನಲ್ಲಿ ಬರೆಯಲು ಕೂತಾಗ ಕೈ ಕಟ್ಟಿಹಾಕಿದ ಹಾಗೆ ಅನ್ನಿಸಿದರೆ ಒಂದು ಉಪಾಯ. ತಂಡದಲ್ಲಿ ಒಬ್ಬರು ಪ್ರಾಜೆಕ್ಟನ್ನು ಕನ್ನಡದಲ್ಲಿ, ಇನ್ನೊಂದು ಬ್ರಾಂಚಿನ ಗೆಳೆಯರಿಗೆ ಬಾಯಲ್ಲಿ ಹೇಳಲಿ. ಇನ್ನೊಬ್ಬರು ಅದನ್ನು ಫೋನಿನಲ್ಲಿ ರೆಕಾರ್ಡ್ ಮಾಡಲಿ. ಬಾಯಲ್ಲಿ ಹೇಳುವಾಗ ಯಾರೂ "ಭಾರತ ಕೃಷಿ ಪ್ರಧಾನ ದೇಶ" ಎಂದು ಶುರು ಮಾಡುವುದಿಲ್ಲ. "ಮಳೆಗಾಲದಲ್ಲಿ ಮರ ಜಾರ್ತದಲ್ಲ ಮಾರಾಯ..." ಎಂದೇ ಶುರು ಮಾಡುತ್ತಾರೆ. ಆ ಕ್ರಮವನ್ನು ಉಳಿಸಿಕೊಂಡು ಸರಳ ಇಂಗ್ಲಿಷಿನಲ್ಲಿ ಬರೆದರೆ ಮುಗಿಯಿತು. ಗೆಳೆಯರು ನಡುವೆ ಎಲ್ಲಿ ತಡೆದು ಪ್ರಶ್ನೆ ಕೇಳಿದರೋ ಅಲ್ಲಿ ನಿಮ್ಮ ಬರಹದಲ್ಲಿ ಒಂದು ಸಾಲು ಕಮ್ಮಿ ಇದೆ.

ಡಿಪಾರ್ಟ್‌ಮೆಂಟಿನ ಟೆಂಪ್ಲೇಟ್ ಬಿಡುವ ಹಾಗಿಲ್ಲ ಅನ್ನುತ್ತೀರಾ? ಬಿಡಬೇಕಿಲ್ಲ. ಹೆಚ್ಚಿನ ಕಡೆ 1.1 ಓವರ್‌ವ್ಯೂ, 1.2 ಮೋಟಿವೇಷನ್, 1.3 ಪ್ರಾಬ್ಲಮ್ ಸ್ಟೇಟ್‌ಮೆಂಟ್, 1.4 ಆಬ್ಜೆಕ್ಟಿವ್, 1.5 ಸ್ಕೋಪ್, 1.6 ರಿಪೋರ್ಟಿನ ಜೋಡಣೆ ಎಂದು ಇರುತ್ತದೆ. ಮೊದಲ ಹೆಜ್ಜೆ 1.1ರಲ್ಲಿ ಕೂರುತ್ತದೆ, ಎರಡನೆಯದು 1.2 ಮತ್ತು 1.3ರಲ್ಲಿ, ಮೂರನೆಯದು 1.4 ಮತ್ತು 1.5ರಲ್ಲಿ. ಮೋಟಿವೇಷನ್ ಎಂದರೆ ದೇಶಸೇವೆಯ ಮಾತು ಬರೆಯಬೇಕಿಲ್ಲ, ಈ ಸಮಸ್ಯೆಯನ್ನು ಎಲ್ಲಿ ನೋಡಿದಿರಿ ಎಂದು ಹೇಳಿದರೆ ಸಾಕು. ಗೈಡ್ "ಕೃಷಿಯ ಮಹತ್ವ ಒಂದು ಸಾಲು ಇರಲಿ" ಎಂದು ಪಟ್ಟು ಹಿಡಿದರೆ ಹಾಕಿ, ಜಗಳ ಬೇಡ, ಆದರೆ ಅದು ಒಂದೇ ಸಾಲಾಗಿರಲಿ. ಇನ್ನು 1.6: ಯಾವ ಅಧ್ಯಾಯದಲ್ಲಿ ಏನಿದೆ ಎಂಬ ನಾಲ್ಕು ಸಾಲು. ಅದನ್ನು ರಿಪೋರ್ಟ್ ಪ್ರಿಂಟಿಗೆ ಕೊಡುವ ಹಿಂದಿನ ರಾತ್ರಿ ಬರೆದರೂ ನಡೆಯುತ್ತದೆ, ಅಧ್ಯಾಯದ ಸಂಖ್ಯೆಗಳು ಸರಿ ಇವೆಯೇ ಎಂದು ನೋಡಿಕೊಳ್ಳಿ.